ಅರವತ್ತೆರಡು ಗುಂಡಿ, ಒಂದು ಗಂಟು

ಗುರುವಾರದ ಗೀಟು ಬುಧವಾರವೇ ಬಿದ್ದಿತ್ತು. ಶುಕ್ರವಾರದ್ದೂ ಬಿದ್ದಿತ್ತು, ಶನಿವಾರದ್ದೂ. ಆರೋಗ್ಯ ಕೇಂದ್ರದಿಂದ ಬಂದ ಮಾತ್ರೆ ಅಕ್ಕ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದಳು. ರೋಗಿ ಮಾತ್ರೆ ನುಂಗುವುದನ್ನು ಮನೆಯವರೊಬ್ಬರು ಕಣ್ಣಾರೆ ನೋಡಿ, ಆ ದಿನದ ಚೌಕಕ್ಕೆ ಒಂದು ಗೀಟು ಎಳೆಯಬೇಕು. ಆ ಲೆಕ್ಕದ ಪ್ರಕಾರ ಈ ಮನೆಯ ಮುದುಕಿ ಇನ್ನೂ ಬೆಳಗಾಗದ ಮೂರು ದಿನಗಳ ಮಾತ್ರೆಯನ್ನೂ ನುಂಗಿ ಕೂತಿದ್ದಳು.

"ಇದನ್ನ ಯಾರು ಬರೆದದ್ದು?"

ಸೊಸೆ ಆಗ ತಾನೇ ಬಿಸ್ಕತ್ತಿನ ಕಾರ್ಖಾನೆಯಿಂದ ಬಂದು ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದಳು. ಪ್ರಶ್ನೆ ಕೇಳಿಸಿದ್ದೇ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ. ಅದಕ್ಕೇ ಸಿಕ್ಕಿಬಿದ್ದಳು ಎಂದರೂ ಸರಿಯೇ.

"ನಾನೇ" ಎಂದಳು. ಬೆಳಗಿನ ಐದಕ್ಕೆ ವ್ಯಾನು ಬೀದಿಯ ತಿರುವಿಗೆ ಬರುತ್ತದೆ, ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಅಷ್ಟರೊಳಗೆ ಅನ್ನ ಬೇಳೆ ಮಾಡಿ, ಮಗಳ ಡಬ್ಬಿ ಕಟ್ಟಿ, ಅತ್ತೆಯ ನಾಲ್ಕು ಮಾತ್ರೆಗಳನ್ನು ಬಟ್ಟಲಲ್ಲಿ ಹಾಕಿ, ಪಕ್ಕದಲ್ಲಿ ನೀರಿಟ್ಟು ಓಡಬೇಕು. ಅತ್ತೆ ಏಳುವುದು ಆರಕ್ಕೆ. ಹೀಗಾಗಿ ಭಾನುವಾರ ರಜೆಯ ದಿನ ಕೂತು ವಾರದ ಏಳೂ ಗೀಟುಗಳನ್ನು ಒಟ್ಟಿಗೇ ಎಳೆದುಬಿಡುತ್ತಿದ್ದಳು. ಮಧ್ಯಾಹ್ನ ಬರುವಷ್ಟರಲ್ಲಿ ಬಟ್ಟಲು ಖಾಲಿಯಾಗಿ, ತೊಳೆದು ಬೋರಲಾಗಿರುತ್ತಿತ್ತು. ಅತ್ತೆ ನುಂಗಿದ್ದಾರೆ ಎನ್ನಲು ಅವಳಿಗೆ ಅಷ್ಟು ಸಾಕಾಗಿತ್ತು.

ಮಾತ್ರೆ ಅಕ್ಕನಿಗೆ ಸಾಕಾಗಲಿಲ್ಲ. ಅವಳು ಬಂದದ್ದೇ ಕೆಟ್ಟ ಸುದ್ದಿ ಹೊತ್ತು. ಎರಡು ತಿಂಗಳು ಮಾತ್ರೆ ನುಂಗಿದ ಮೇಲೂ ಮುದುಕಿಯ ಕಫದಲ್ಲಿ ಕ್ಷಯದ ಕ್ರಿಮಿ ಹಾಗೇ ಇತ್ತು. ಸೂಕ್ಷ್ಮದರ್ಶಕದಡಿಯಲ್ಲಿ ಮೊದಲ ದಿನ ಎಷ್ಟು ಕಂಡಿತ್ತೋ ಈಗಲೂ ಅಷ್ಟೇ. ಹೀಗಾಗುವುದು ಸಾಮಾನ್ಯವಾಗಿ ಮಾತ್ರೆ ಬಿಟ್ಟವರಿಗೆ ಎಂದು ಹೇಳಿ, ಕಾರ್ಡಿನ ಮೇಲೆ ಬೆರಳಿಟ್ಟಳು. ಆ ಬೆರಳೇ ಎಲ್ಲ ಹೇಳಿತು.

"ನಾನು ಒಂದು ದಿನವೂ ಬಿಟ್ಟಿಲ್ಲ" ಎಂದಳು ಮುದುಕಿ, ಕಿಟಕಿಯ ಪಕ್ಕದ ಮಂಚದಿಂದ. "ಬಚ್ಚಲಿಗೆ ಹೋದ್ರೆ ಕೆಂಪಗೆ ಹೋಗುತ್ತೆ. ಬೇಕಾದ್ರೆ ನೋಡು ಬಾ."

ಮಾತ್ರೆ ಅಕ್ಕ ನಗಲಿಲ್ಲ. ಮಾತ್ರೆಯ ಬಣ್ಣಕ್ಕೆ ಮೂತ್ರ ಕೆಂಪಗೆ ಹೋದರೆ ಇವತ್ತಿನ ಮಾತ್ರೆ ಹೊಟ್ಟೆಗೆ ಹೋಗಿದೆ ಎಂದಷ್ಟೇ ಅರ್ಥ, ನಿನ್ನೆ ಮೊನ್ನೆಯದ್ದು ಅದರಲ್ಲಿ ಗೊತ್ತಾಗುವುದಿಲ್ಲ ಎಂದು ತಾಳ್ಮೆಯಿಂದ ಹೇಳಿ, ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

ಈ ಮುದುಕಿಯನ್ನು ಬೀದಿಯವರು ಗುಂಡಿಯಮ್ಮ ಎಂದೇ ಕರೆಯುವುದು. ಮೂಲೆಯ ದರ್ಜಿ ಅಂಗಡಿಯ ಅಂಗಿಗಳೆಲ್ಲ ಕಾಜಾದ ತೂತು ಹೊಲಿಯಲೂ ಗುಂಡಿ ಹಾಕಲೂ ಇವಳ ಮಂಚಕ್ಕೇ ಬರುತ್ತವೆ. ಓದು ಬರಹ ಇಲ್ಲ, ಆದರೆ ಎರಡು ಗುಂಡಿಗಳ ನಡುವಿನ ಅಂತರದಲ್ಲಿ ಒಂದು ನೂಲಿನಷ್ಟು ಹೆಚ್ಚುಕಡಿಮೆಯಾದರೂ ಅವಳ ಬೆರಳಿಗೆ ತಿಳಿಯುತ್ತದೆ. ಮಗ ಪ್ಲಂಬರ್, ಹೆಸರು ಏನೇ ಇರಲಿ ಊರಿಗೆಲ್ಲ ನಲ್ಲಿಯಣ್ಣ. ಹನ್ನೊಂದು ವರ್ಷದ ಮೊಮ್ಮಗಳಿಗೆ ಪ್ರತಿ ಮಾತಿಗೂ ಒಂದು ಎದುರು ಮಾತು ಇರುವುದರಿಂದ ವಕೀಲಮ್ಮ. ಎರಡು ಕೋಣೆಯ ಮನೆಯಲ್ಲಿ ಇವರು ನಾಲ್ವರು.

ಸಂಜೆ ನಲ್ಲಿಯಣ್ಣ ಪೈಪಿನ ಚೀಲ ಇಳಿಸುವ ಮೊದಲೇ ಸುದ್ದಿ ತಿಳಿಯಿತು. ತಟ್ಟೆಯ ಮುಂದೆ ಕೂತವನು ಅನ್ನಕ್ಕೆ ಕೈ ಹಾಕಲಿಲ್ಲ.

"ಎರಡು ತಿಂಗಳು ಸುಮ್ಮನೆ ಗೀಟು ಎಳೆದುಕೊಂಡು ಕೂತಿದ್ದೀಯ" ಎಂದ ಹೆಂಡತಿಗೆ. ದನಿ ಏರಿಸಲಿಲ್ಲ. ಏರಿಸಿದ್ದರೇ ವಾಸಿಯಿತ್ತು. "ಅಮ್ಮನ ಜೀವಕ್ಕೂ ಮುಂಗಡ ಗೀಟು ಎಳೆದುಬಿಟ್ಟಿಯಾ?"

ಸೊಸೆ ಸೌಟು ಹಿಡಿದು ನಿಂತಲ್ಲೇ ನಿಂತಳು. ಅವಳಿಗೆ ಬಂದದ್ದು ಅಳುವಲ್ಲ, ಸಿಟ್ಟು. ಆ ಸಿಟ್ಟು ಗಂಡನ ಮೇಲೆ ಎಷ್ಟಿತ್ತೋ ಅತ್ತೆಯ ಮೇಲೂ ಅಷ್ಟೇ ಇತ್ತು. ನಿಜ ಹೇಳಿ ಅತ್ತೆ, ಎಷ್ಟು ದಿನ ಬಿಟ್ಟಿರಿ, ಎಲ್ಲಿ ಎಸೆದಿರಿ ಎಂದು ಕೇಳಿಯೇ ಬಿಟ್ಟಳು. ನೀರು ಉಪ್ಪಾಯಿತು, ಬೇಳೆ ಬೇಯಲಿಲ್ಲ, ಕಸ ಮೂಲೆಯಲ್ಲೇ ಉಳಿಯಿತು ಎಂದು ಈ ಇಬ್ಬರು ಹನ್ನೆರಡು ವರ್ಷದಲ್ಲಿ ಆಡದ ಜಗಳವಿರಲಿಲ್ಲ. ಆದರೆ ಸುಳ್ಳಿ ಎಂದು ಯಾರೂ ಯಾರನ್ನೂ ಕರೆದಿರಲಿಲ್ಲ.

ಮುದುಕಿ ಕೆಮ್ಮಿ, ಸುಧಾರಿಸಿಕೊಂಡು, ದಿಂಬಿನಡಿಯಿಂದ ಒಂದು ಬಟ್ಟೆಯ ಪಟ್ಟಿ ಎಳೆದು ನೆಲದ ಮೇಲೆ ಎಸೆದಳು. ಹಳೆಯ ಅಂಗಿಯೊಂದರಿಂದ ಕತ್ತರಿಸಿದ ಪಟ್ಟಿ. ಅದರ ಉದ್ದಕ್ಕೂ ಗುಂಡಿಗಳು: ಅಂಚು ಒಡೆದವು, ಜೊತೆ ತಪ್ಪಿದವು, ಅಂಗಡಿಯವನು ಬೇಡ ಎಂದವು. ಓದಲು ಬಾರದವಳು ಮಾತ್ರೆ ನುಂಗಿದ ಮೇಲೆ ದಿನಕ್ಕೊಂದರಂತೆ ಹೊಲಿಯುತ್ತ ಬಂದಿದ್ದಳು.

ವಕೀಲಮ್ಮ ತಕ್ಷಣ ಮಂಡಿಯೂರಿ ಎಣಿಸಿದಳು. "ಅರವತ್ತೆರಡು. ಮಾತ್ರೆ ಶುರುವಾಗಿ ಇವತ್ತಿಗೆ ಅರವತ್ತಮೂರು ದಿನ. ಒಂದು ಕಡಿಮೆ ಅಜ್ಜಿ."

"ಗುಂಡಿ ಹೊಲಿಯೋಕೆ ಮಾತ್ರೆ ನುಂಗಲೇಬೇಕು ಅಂತೇನಿಲ್ಲವಲ್ಲಮ್ಮ" ಎಂದ ಮಗ.

ಅದಾದ ಮೇಲೆ ಮುದುಕಿ ಮಗನ ಜೊತೆ ಮಾತು ಬಿಟ್ಟಳು. ಮಗ ಹೆಂಡತಿಯ ಜೊತೆ ಬಿಟ್ಟ. ಮಾತಾಡುತ್ತ ಉಳಿದವಳು ವಕೀಲಮ್ಮ ಒಬ್ಬಳೇ. ಉಪ್ಪು ಬೇಕಂತೆ, ಕಿಟಕಿ ತೆಗೆಯಬೇಕಂತೆ ಎಂದು ಕೋಣೆಯಿಂದ ಕೋಣೆಗೆ ಮಾತು ಸಾಗಿಸಿ ಸಾಗಿಸಿ ಅವಳಿಗೂ ಬೇಸರ ಬಂತು. ಕಿಟಕಿಯದ್ದೇ ಒಂದು ದೊಡ್ಡ ರಗಳೆಯಾಯಿತು. ಗಾಳಿಯಾಡಲಿ ಎಂದು ಸೊಸೆ ತೆಗೆದು ಹೋಗುತ್ತಿದ್ದಳು, ಅಮ್ಮನಿಗೆ ಥಂಡಿ ಎಂದು ಮಗ ಮುಚ್ಚುತ್ತಿದ್ದ. ಕೆಮ್ಮು ಮಾತ್ರ ತೆರೆದರೂ ಮುಚ್ಚಿದರೂ ಒಂದೇ ಸಮನೆ ಇತ್ತು. ಮುದುಕಿಯ ಕುಪ್ಪಸದ ತೋಳು ಸಡಿಲವಾಗುತ್ತ ಬಂದು, ಅವಳೇ ಅದನ್ನು ಬಿಚ್ಚಿ ಒಳಕ್ಕೆ ಹೊಲಿದುಕೊಂಡಳು.

ಭಾನುವಾರ ಕಸ ಗುಡಿಸುವಾಗ ಪಟ್ಟಿ ಮಂಚದ ಕೆಳಗೆ ಸಿಕ್ಕಿತು. ಸೊಸೆ ಅದನ್ನು ಕೊಡವಿ ಎತ್ತಿಡಲು ಹೋದವಳು, ನಡುವಿನಲ್ಲಿ ಒಂದು ಕಡೆ ಬೆರಳು ತಡೆದು ನಿಂತಳು. ಗುಂಡಿ ಇರಬೇಕಾದ ಜಾಗದಲ್ಲಿ ಗುಂಡಿಯಿರಲಿಲ್ಲ, ಬರೀ ದಾರದ ಗಂಟು.

"ಇದೇನು ಅತ್ತೆ?"

"ಅವತ್ತು ನುಂಗಿದ್ದು ನಿಲ್ಲಲಿಲ್ಲ. ಎರಡೇ ನಿಮಿಷಕ್ಕೆ ವಾಂತಿಯಾಯ್ತು. ಹೊಟ್ಟೆಯಲ್ಲಿ ಇಲ್ಲದ ಮಾತ್ರೆಗೆ ಗುಂಡಿ ಯಾಕೆ ಹಾಕಲಿ?"

ಸೊಸೆಗೆ ಆ ದಿನ ನೆನಪಿತ್ತು. ಕಾರ್ಖಾನೆಯಿಂದ ಬಂದಾಗ ಮಂಚದ ಹಾಸಿಗೆ ಒಗೆದು ಹರವಿತ್ತು, ಅತ್ತೆ ಗಂಜಿಯೂ ಬೇಡ ಎಂದು ಗೋಡೆ ಕಡೆ ತಿರುಗಿ ಮಲಗಿದ್ದಳು. ಆ ದಿನಕ್ಕೂ ಕಾರ್ಡಿನಲ್ಲಿ ಗೀಟು ಇತ್ತು, ಭಾನುವಾರವೇ ಎಳೆದದ್ದು. ತನ್ನ ಕಾರ್ಡು ಸುಳ್ಳು, ಈ ಚಿಂದಿ ಪಟ್ಟಿ ನಿಜ ಎಂದು ಅವಳಿಗೆ ಅಲ್ಲೇ ಖಚಿತವಾಯಿತು. ನಾಚಿಕೆಯಿಂದ ಮುಖ ಬಿಸಿಯಾಯಿತು. ಸುಳ್ಳು ಹೇಳುವವಳಾಗಿದ್ದರೆ ಅತ್ತೆ ಗಂಟಿನ ಜಾಗದಲ್ಲೂ ಒಂದು ಗುಂಡಿ ಹಾಕಿ ಲೆಕ್ಕ ಸರಿ ಮಾಡುತ್ತಿದ್ದಳಲ್ಲ.

"ನೀವು ನುಂಗಿದ್ದೀರಿ" ಎಂದಳು.

"ನಾನು ಅದನ್ನೇ ಹೇಳ್ತಾ ಇರೋದು."

"ಹಾಗಾದ್ರೆ ಯಾಕೆ ವಾಸಿಯಾಗ್ತಿಲ್ಲ?"

ಆ ಪ್ರಶ್ನೆ ಹಿಡಿದುಕೊಂಡೇ ಸೋಮವಾರ ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋದರು. ಸೊಸೆ ರಜೆ ಹಾಕಿದ್ದಳು. ಅಲ್ಲಿ ಪ್ರಯೋಗಾಲಯದ ಮೇಜಿನ ಮೇಲೆ ಬ್ರೆಡ್ಡಿನ ಪೆಟ್ಟಿಗೆಯಷ್ಟು ದೊಡ್ಡ ಒಂದು ಯಂತ್ರ. ಅದಕ್ಕೆ ನಾಲ್ಕು ಬಾಯಿ, ಅದರಲ್ಲಿ ಎರಡಕ್ಕೆ ಕೆಟ್ಟಿದೆ ಎಂದು ಚೀಟಿ ಅಂಟಿಸಿತ್ತು. ಕಫವನ್ನು ಔಷಧಿಯಲ್ಲಿ ಕಲಸಿ, ಅಂಗೈಯಗಲದ ಪ್ಲಾಸ್ಟಿಕ್ ಕಾರ್ಟ್ರಿಡ್ಜಿಗೆ ಸುರಿದು ಒಳಗಿಟ್ಟರೆ ಎರಡು ಗಂಟೆಯೊಳಗೆ ಎರಡು ಉತ್ತರ ಹೇಳುತ್ತದೆ: ಕ್ಷಯದ ಕ್ರಿಮಿ ಇದೆಯೋ ಇಲ್ಲವೋ, ಇದ್ದರೆ ಮುಖ್ಯ ಔಷಧಿಗೆ ಸಾಯುತ್ತದೋ ಇಲ್ಲವೋ. ಸೂಕ್ಷ್ಮದರ್ಶಕಕ್ಕೆ ಮೊದಲನೆಯದಷ್ಟೇ ಗೊತ್ತು. ಇಷ್ಟು ಜಾಣ ಯಂತ್ರ ಎರಡೂವರೆ ತಿಂಗಳು ಬಟ್ಟೆ ಹೊದ್ದು ಮಲಗಿತ್ತು, ಏಕೆಂದರೆ ಕಾರ್ಟ್ರಿಡ್ಜುಗಳೇ ಬಂದಿರಲಿಲ್ಲ. ಹೋದ ವಾರ ಬಂದಿದ್ದವು. ಬಂದವಕ್ಕೂ ಈ ತಿಂಗಳ ಕೊನೆಗೇ ಅವಧಿ ಮುಗಿಯುತ್ತಿತ್ತು.

ಪ್ರಯೋಗಾಲಯದವರು ತೆಳ್ಳಗಿನ, ಮಾತು ಕಮ್ಮಿಯ ಮನುಷ್ಯ. ಮುದುಕಿಗೆ ಮುಚ್ಚಳದ ಡಬ್ಬಿ ಕೊಟ್ಟು, ಅಂಗಳದಲ್ಲಿ ಗಾಳಿಗೆ ನಿಂತು ಕೆಮ್ಮಿ ತುಂಬಿಸಿ ತನ್ನಿ ಎಂದರು. ಮುದುಕಿ ಹುಟ್ಟಾ ಶುಚಿಯವಳು. ನಾಲ್ಕು ಸಲ ಬಾಯಿ ಮುಕ್ಕಳಿಸಿ, ಮರೆಯಲ್ಲಿ ನಿಂತು, ಕನ್ನಡಿಯಂತೆ ತಿಳಿಯಾದದ್ದನ್ನು ತಂದುಕೊಟ್ಟಳು.

"ಇದು ಎಂಜಲು ಅಮ್ಮ. ನನಗೆ ಎದೆಯೊಳಗಿನದ್ದು ಬೇಕು."

"ಆ ಗಲೀಜನ್ನ ಪರರ ಕೈಗೆ ಹೇಗೆ ಕೊಡೋದು?"

"ನನಗೆ ಸಂಬಳ ಬರೋದೇ ಆ ಗಲೀಜಿಗೆ" ಎಂದರು ಅವರು, ನಗದೆ.

ಮುದುಕಿಗೆ ಮಾತ್ರ ನಗು ಬಂತು, ನಗುವಿನ ಬೆನ್ನಿಗೆ ಕೆಮ್ಮು ಬಂತು, ಕೆಮ್ಮಿನ ಬೆನ್ನಿಗೆ ಅವರಿಗೆ ಬೇಕಾದ್ದೂ ಬಂತು.

ಡಬ್ಬಿಗೆ ನಂಬರು ಹಾಕುವಾಗ ಸೊಸೆ ಒಂದು ಮಾತು ಕೇಳಿದಳು. ಎರಡು ತಿಂಗಳ ಹಿಂದೆ, ಮಾತ್ರೆ ಶುರುವಾಗುವ ಹಿಂದಿನ ದಿನ, ತಾನೇ ಎರಡು ಡಬ್ಬಿ ತಂದುಕೊಟ್ಟಿದ್ದಳು. ಒಂದು ಸೂಕ್ಷ್ಮದರ್ಶಕಕ್ಕೆ, ಇನ್ನೊಂದು ಈ ಯಂತ್ರಕ್ಕೆ ಎಂದಿದ್ದರು. ಆ ಇನ್ನೊಂದು ಏನಾಯಿತು?

ಅವರು ಫ್ರೀಜರಿನ ಕಡೆ ನೋಡಿದರು. ಕಾರ್ಟ್ರಿಡ್ಜಿಗಾಗಿ ಕಾದು ಕೂತ ಮೂವತ್ತು ಚಿಲ್ಲರೆ ಡಬ್ಬಿಗಳು ಅದರಲ್ಲಿ ಹೆಪ್ಪುಗಟ್ಟಿದ್ದವು. ಹೊಸದು ಕೊಟ್ಟ ಮೇಲೆ ಹಳೆಯದ್ದೇಕೆ ಎಂದರು.

"ಹಳೆಯದ್ದರಲ್ಲೂ ಔಷಧಿಗೆ ಸಾಯದ ಕ್ರಿಮಿ ಇದ್ರೆ, ಅದು ಮಾತ್ರೆ ಬಿಟ್ಟದ್ದಕ್ಕೆ ಬಂದಿದ್ದಲ್ಲ ಅಂತ ಆಗುತ್ತಲ್ವಾ ಸಾರ್? ಆಗಿನ್ನೂ ಒಂದು ಮಾತ್ರೆಯೂ ನುಂಗಿರಲಿಲ್ಲ."

ಅವರು ಫ್ರೀಜರಿನ ಬಾಗಿಲು ತೆರೆದರು. "ತಿಂಗಳ ಕೊನೆಗೆ ಹೇಗೂ ಈ ಕಾರ್ಟ್ರಿಡ್ಜೆಲ್ಲ ಕಸಕ್ಕೆ ಹೋಗೋದೇ. ಹಾಕ್ತೀನಿ. ಆದ್ರೆ ಮಧ್ಯೆ ಕರೆಂಟು ಹೋಗಿ ಬ್ಯಾಟರಿ ಕೈಕೊಟ್ರೆ ಕಾರ್ಟ್ರಿಡ್ಜು ದಂಡ. ಇನ್ನೊಂದು ಕೇಳಬಾರದು."

ಎರಡು ಬಾಯಿಗಳಲ್ಲಿ ಎರಡು ಡಬ್ಬಿಗಳ ಕಫವೂ ಒಟ್ಟಿಗೆ ಒಳಗೆ ಹೋಯಿತು. ಅತ್ತೆ ಸೊಸೆ ಅಂಗಳದ ಬೆಂಚಿನ ಮೇಲೆ ಕೂತು ಕಾರ್ಖಾನೆಯಿಂದ ತಂದಿದ್ದ ಒಡೆದ ಬಿಸ್ಕತ್ತು ತಿಂದರು. ಅಷ್ಟು ಹೊತ್ತು ಜಗಳವಿಲ್ಲದೆ ಪಕ್ಕಪಕ್ಕ ಕೂತದ್ದು ಇಬ್ಬರಿಗೂ ಹೊಸದು. ಒಂದು ಗಂಟೆಯಾದ ಮೇಲೆ ಕೇಂದ್ರದ ಫ್ಯಾನುಗಳೆಲ್ಲ ನಿಂತವು. ಸೊಸೆ ಎದ್ದು ಬಾಗಿಲಿಗೆ ಓಡಿದಳು. ಒಳಗೆ ಯಂತ್ರದ ಹಸಿರು ದೀಪ ಉರಿಯುತ್ತಲೇ ಇತ್ತು, ಕೆಳಗಿಟ್ಟ ಬ್ಯಾಟರಿ ಕೀಂ ಕೀಂ ಎನ್ನುತ್ತಿತ್ತು. ಪ್ರಯೋಗಾಲಯದವರು ಅದರ ಪಕ್ಕದಲ್ಲೇ ಸ್ಟೂಲು ಹಾಕಿ ಕೂತಿದ್ದರು. ಇಪ್ಪತ್ತು ನಿಮಿಷ ಮೂವರೂ ಆ ಸದ್ದನ್ನೇ ಕೇಳುತ್ತ ಕಳೆದರು. ಫ್ಯಾನು ತಿರುಗಿದಾಗ ಮುದುಕಿ, ಹೊಲಿಗೆ ಯಂತ್ರವೇ ವಾಸಿ, ಕಾಲಲ್ಲಿ ತುಳಿದರೆ ಸಾಕು ಎಂದಳು.

ಉತ್ತರ ಬಂದ ಮೇಲೆ ವೈದ್ಯೆ ಮನೆಯವರನ್ನೆಲ್ಲ ಕರೆಸಿದರು. ನಲ್ಲಿಯಣ್ಣ ಯಾರದೋ ಮನೆಯ ತೊಟ್ಟಿ ಅರ್ಧಕ್ಕೆ ಬಿಟ್ಟು, ಒದ್ದೆ ಪ್ಯಾಂಟಿನಲ್ಲೇ ಬಂದು ಗೋಡೆಗೊರಗಿ ನಿಂತ.

ವೈದ್ಯೆ ಎರಡು ಚೀಟಿಗಳನ್ನು ಮೇಜಿನ ಮೇಲೆ ಜೋಡಿಸಿದರು. "ಇದು ಇವತ್ತಿನದು. ಇದು ಮೊದಲ ಮಾತ್ರೆಗೂ ಹಿಂದಿನ ದಿನದ್ದು. ಎರಡರಲ್ಲೂ ಒಂದೇ ಉತ್ತರ. ನಾವು ಕೊಡುತ್ತಿದ್ದ ನಾಲ್ಕು ಔಷಧಿಯಲ್ಲಿ ಮುಖ್ಯವಾದ್ದಕ್ಕೇ ಈ ಕ್ರಿಮಿ ಬಗ್ಗೋದಿಲ್ಲ. ಇವರಿಗೆ ತಗುಲಿದಾಗಲೇ ಅದು ಅಂಥದ್ದು."

"ಮಾತ್ರೆ ಬಿಟ್ಟದ್ದಕ್ಕೆ ಅಲ್ವಾ?" ಎಂದ ಮಗ.

"ಅಲ್ಲ. ಬಿಡದೆ ನುಂಗಿದ್ರೂ ಇಷ್ಟೇ. ಈ ಪರೀಕ್ಷೆ ಮೊದಲ ದಿನವೇ ಆಗಬೇಕಿತ್ತು. ಆಗದೆ ಇದ್ದದ್ದು ನಮ್ಮ ಕಡೆಯ ತಪ್ಪು."

ರೋಗ ಸಣ್ಣದಲ್ಲ, ಇದಕ್ಕೆ ಬೇರೆ ಮಾತ್ರೆಗಳಿವೆ, ಆರು ತಿಂಗಳಾದರೂ ಬೇಕು, ಹೊಟ್ಟೆ ತೊಳಸುತ್ತದೆ, ಆಗಾಗ ರಕ್ತ, ಹೃದಯ ಎಲ್ಲ ನೋಡಬೇಕು, ಮನೆಯ ಉಳಿದ ಮೂವರಿಗೂ ಪರೀಕ್ಷೆ ಆಗಬೇಕು ಎಂದು ಅವರು ಒಂದೊಂದಾಗಿ ಹೇಳುತ್ತ ಹೋದರು. ಹೇಳಿ ಮುಗಿಸಿ ತಲೆಯೆತ್ತಿದರೆ ಮುದುಕಿ ನಗುತ್ತಿದ್ದಳು. ಇಂಥ ಸುದ್ದಿಗೆ ನಕ್ಕ ರೋಗಿಯನ್ನು ಅವರು ಅದುವರೆಗೆ ನೋಡಿರಲಿಲ್ಲ.

"ಹಾಗಾದ್ರೆ ನಾನು ಸುಳ್ಳಿಯಲ್ಲ" ಎಂದಳು ಮುದುಕಿ.

"ಅಲ್ಲಮ್ಮ."

"ಅದನ್ನ ಇವನಿಗೆ ಇನ್ನೊಂದು ಸಲ ಹೇಳಿ."

ವೈದ್ಯೆ ಇನ್ನೊಂದು ಸಲ ಹೇಳಿದರು.

ಆ ಸಂಜೆ ಮನೆಯಲ್ಲಿ ಮೊಟ್ಟೆ ಬೇಯಿಸಿದ್ದರು. ನಲ್ಲಿಯಣ್ಣ ಮೊಟ್ಟೆಯ ಸಿಪ್ಪೆ ಬಿಡಿಸುತ್ತ ಬಿಡಿಸುತ್ತ ಅದನ್ನು ಅರ್ಧದಷ್ಟು ಮಾಡಿದ. ಕೊನೆಗೆ, ಗೀಟು ಹಾಗೆ ಎಳೆಯಬಾರದಿತ್ತು, ನೋಡಿ ಎಳೆಯಬೇಕಿತ್ತು ಎಂದು ಗೊಣಗಿದ. ಸೋತರೂ ಮೀಸೆ ಮಣ್ಣಾಗದಂತೆ ನೋಡಿಕೊಳ್ಳುವುದು ಅವನ ಹಳೆಯ ಗುಣ.

ಐದು ದಿನದ ಮೇಲೆ ಮುದುಕಿ ಮಗನ ಕಡೆ ತಿರುಗಿ ಮಾತಾಡಿದ್ದು ಆಗಲೇ. "ಹೌದು, ನೋಡಬೇಕಿತ್ತು. ಅವಳು ಐದಕ್ಕೆ ಹೋಗ್ತಾಳೆ. ನಾನು ಆರಕ್ಕೆ ಏಳ್ತೀನಿ. ನೀನು ಎಂಟರವರೆಗೆ ನನ್ನ ಮಂಚದ ಪಕ್ಕದಲ್ಲೇ ಗೊರಕೆ ಹೊಡೀತಿರ್ತೀಯ. ನೋಡೋ ಕಣ್ಣು ಯಾರದ್ದಾಗಬೇಕಿತ್ತೋ?"

ವಕೀಲಮ್ಮ ಬಾಯಿ ತೆರೆದಳು, ಈ ವಾದಕ್ಕೆ ತನ್ನ ಬಳಿಯೂ ಎದುರು ಮಾತಿಲ್ಲವೆಂದು ಕಂಡು ಮುಚ್ಚಿದಳು. ಸೊಸೆ ಅತ್ತೆಯ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು. ಗಂಡ ತಲೆ ತಗ್ಗಿಸಿ ಉಂಡೆದ್ದ. ತಪ್ಪಾಯಿತು ಎನ್ನಲಿಲ್ಲ, ಕಿಟಕಿಯನ್ನು ಮಾತ್ರ ತಾನೇ ತೆಗೆದ.

ಉಳಿದ ಮೂವರ ಎದೆಯ ಚಿತ್ರದಲ್ಲಿ ಸದ್ಯಕ್ಕೆ ಏನೂ ಕಾಣಲಿಲ್ಲ. ಮುದುಕಿಗೆ ಹೊಸ ಮಾತ್ರೆಗಳು ಬಂದವು. ಮೊದಲಿನವಕ್ಕಿಂತ ಸಂಖ್ಯೆಯಲ್ಲಿ ಹೆಚ್ಚು, ರುಚಿಯಲ್ಲಿ ಇನ್ನೂ ಕೆಟ್ಟವು. ಹೊಸ ಕಾರ್ಡೂ ಬಂತು. ಮಾತ್ರೆ ಅಕ್ಕ ಅದನ್ನು ಯಾರ ಕೈಗೆ ಕೊಡಲಿ ಎಂದು ಸುತ್ತ ನೋಡಿದಾಗ ಮುದುಕಿ ಮಗನನ್ನು ತೋರಿಸಿದಳು. ಮಗ ಈಗ ಆರೂಕಾಲಿಗೆ ಏಳುತ್ತಾನೆ. ಅಮ್ಮ ಎರಡು ತುತ್ತು ತಿಂದು ಒಂದೊಂದೇ ಮಾತ್ರೆ ನುಂಗುವಾಗ ಎದುರಿಗೆ ಕೂತು ಆಕಳಿಸುತ್ತಾನೆ. ಕಾರ್ಡಿಗೆ ಗೀಟು ಎಳೆದರಷ್ಟೇ ಮುಗಿಯುವುದಿಲ್ಲ. ಮುದುಕಿ ಹೊಸದೊಂದು ಪಟ್ಟಿ ಕತ್ತರಿಸಿಟ್ಟಿದ್ದಾಳೆ. ನೋಡಿದವನೇ ಹೊಲಿಯಬೇಕು ಎಂಬುದು ಅವಳ ಕಾನೂನು. ದಪ್ಪ ಪೈಪುಗಳನ್ನು ತಿರುವಿ ತಿರುವಿ ಒರಟಾದ ಬೆರಳಿಗೆ ಸೂಜಿ ನಿಲ್ಲುವುದಿಲ್ಲ. ಗುಂಡಿಗಳು ಒಂದು ಮೇಲೆ, ಒಂದು ಕೆಳಗೆ. ಮುದುಕಿ ಪ್ರತಿದಿನ ಮೂಗು ಮುರಿಯುತ್ತಾಳೆ, ಬಿಚ್ಚಿ ಹೊಲಿಯಲು ಮಾತ್ರ ಹೋಗುವುದಿಲ್ಲ.

ಮೂರನೆಯ ವಾರದಲ್ಲಿ ಕೆಮ್ಮು ಸ್ವಲ್ಪ ಇಳಿಯಿತು. ಆ ವಾರದ ಬುಧವಾರ ನಲ್ಲಿಯಣ್ಣನಿಗೆ ಊರಾಚೆಯ ಕಟ್ಟಡದಲ್ಲಿ ಒಳ್ಳೆಯ ಕೆಲಸ ಒಂದು ಸಿಕ್ಕಿತು. ಮರುದಿನ ಐದಕ್ಕೇ ಹೊರಡಬೇಕು, ಹೆಂಡತಿಯ ವ್ಯಾನಿನಲ್ಲೇ ಅರ್ಧ ದಾರಿ. ಸಂಜೆ ಸೊಸೆ ಒಳಗೆ ಬಂದಾಗ ಅವನು ಮಂಚದ ತುದಿಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದ.

"ಬೆಳಿಗ್ಗೆಯೇ ಹೊಲಿದಿದ್ದೆಯಲ್ಲ. ಇದು ಯಾವ ದಿನದ್ದು?" ಎಂದಳು ಮುದುಕಿ.

"ನಾಳೆಯದ್ದು."

ಮುದುಕಿ ಕತ್ತರಿ ತೆಗೆದುಕೊಂಡು, ಆ ಗುಂಡಿಯ ದಾರವನ್ನು ಕಚಕ್ಕೆಂದು ಕತ್ತರಿಸಿ, ಗುಂಡಿಯನ್ನು ಅವನ ಅಂಗೈಯಲ್ಲಿಟ್ಟಳು. ಅವನ ಕಿವಿ ಕೆಂಪಾಯಿತು. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ತಪ್ಪಾಯ್ತು ಕಣೇ" ಎಂದ. "ಅವತ್ತು ಹಾಗೆ ಅನ್ನಬಾರದಿತ್ತು."

ಸೊಸೆ ಹೂಂ ಎಂದಳು. ಒಳಗೆ ಹೋಗಿ ಒಲೆ ಹೊತ್ತಿಸಿದಳು. ಒಂದು ತಿಂಗಳಿಂದ ಬರದೆ ನಿಂತಿದ್ದ ಅಳು ಆಗ ಬಂತು, ಅವಳು ಅದನ್ನು ತಡೆಯಲಿಲ್ಲ.

ಗುರುವಾರ ಬೆಳಿಗ್ಗೆ ಅಷ್ಟು ಬೇಗ ಯಾರೂ ಎಬ್ಬಿಸದೆ ಎದ್ದವಳು ಮುದುಕಿಯೇ. ನಾಲ್ಕೂವರೆಗೆ ಹಲ್ಲುಜ್ಜಿ, ಎರಡು ತುತ್ತು ತಿಂದು, ಮಾತ್ರೆಗಳ ಬಟ್ಟಲು ತೊಡೆಯ ಮೇಲಿಟ್ಟುಕೊಂಡು ದೀಪದ ಕೆಳಗೆ ಕೂತಳು. ಎದ್ದು ಬಂದು ನೋಡ್ರೋ, ಆಮೇಲೆ ನುಂಗಿಲ್ಲ ಅನ್ನಬೇಡಿ ಎಂದಳು. ಮಗ ಎದುರಿಗೆ ಕೂತ, ಸೊಸೆ ಊಟದ ಡಬ್ಬಿ ಕೈಯಲ್ಲೇ ಹಿಡಿದು ನಿಂತಳು. ಒಂದೊಂದೇ ಮಾತ್ರೆ ಒಳಗೆ ಹೋಯಿತು. ಕೊನೆಯದ್ದಕ್ಕೆ ಮುದುಕಿ ಬಾಯಿ ತೆರೆದು ತೋರಿಸಿ, ಗುಂಡಿಯನ್ನು ಮುಂದೆ ಚಾಚಿದಳು.

ಮಗ ಸೂಜಿಗೆ ದಾರ ಪೋಣಿಸಲು ಮೂರು ಸಲ ನೋಡಿದ, ಆಗಲಿಲ್ಲ. ಸೊಸೆ ಡಬ್ಬಿ ಕೆಳಗಿಟ್ಟು, ಸೂಜಿ ಇಸಿದುಕೊಂಡು, ದಾರದ ತುದಿ ಬಾಯಲ್ಲಿ ಒದ್ದೆ ಮಾಡಿ ಪೋಣಿಸಿ ಕೊಟ್ಟಳು. ತಿರುವಿನಲ್ಲಿ ವ್ಯಾನಿನ ಹಾರ್ನು ಕೇಳಿಸಿತು. ಇನ್ನೊಂದು ಸಲ ಕೇಳಿಸಿತು. ಗುಂಡಿಯ ನಾಲ್ಕು ಕಣ್ಣುಗಳಲ್ಲಿ ಇನ್ನೂ ಎರಡು ಉಳಿದಿದ್ದವು, ಮೂವರಲ್ಲಿ ಯಾರೂ ಮೇಲೇಳಲಿಲ್ಲ.